ಸಿಗಡಿಯ ನೆಂಟರಿಷ್ಟರು

ಕಡಲ ಬದಿಯಲ್ಲಿ ಹುಟ್ಟಿದವನು ಜೀವನದಲ್ಲಿ ಏನನ್ನು ಬೇಕಾದರೂ ನಾಲ್ಕು ಜನರ ಎದುರು ಒಪ್ಪಿಕೊಳ್ಳಬಹುದು, ಸಿಗಡಿ ತಿನ್ನುವುದಿಲ್ಲ ಎಂಬುದನ್ನು ಮಾತ್ರ ಒಪ್ಪಿಕೊಳ್ಳುವುದು ಕಷ್ಟ. ಸಕ್ಕರೆ ಕಾಯಿಲೆ ಎಂದರೆ ಜನ ಮರುಗುತ್ತಾರೆ, ತಮ್ಮ ಸಕ್ಕರೆ ಎಷ್ಟಿದೆ ಎಂದೂ ಹೇಳಿ ಸಮಾಧಾನ ಮಾಡುತ್ತಾರೆ. ವ್ರತಕ್ಕಾಗಿ ಮೀನು ಬಿಟ್ಟಿದ್ದೇನೆ ಎಂದರೆ ಗೌರವ ಒಂದು ಹಿಡಿ ಹೆಚ್ಚೇ ಆಗುತ್ತದೆ. ಆದರೆ ನಮ್ಮ ಮಂಗಳೂರಿನ ಊಟದ ಪಂಕ್ತಿಯಲ್ಲಿ ಕೂತು "ಸಿಗಡಿ ನನಗೆ ಆಗುವುದಿಲ್ಲ" ಎಂದು ಹೇಳಿ ನೋಡಿ. ಬಡಿಸುವವರ ಸೌಟು ಅರ್ಧದಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಕೂತವರು ನಿಮ್ಮ ಮುಖವನ್ನು ಹೊಸದಾಗಿ ಪರೀಕ್ಷಿಸಿ, "ನಿಮ್ಮ ಮೂಲ ಎಲ್ಲಿ ಅಂತ ಹೇಳಿದ್ದು?" ಎಂದು ಕೇಳುತ್ತಾರೆ. ಘಟ್ಟ ಇಳಿದು ಬಂದು ನಮ್ಮ ನಡುವೆ ಸೇರಿಕೊಂಡವನೋ ಎಂಬ ಸಂಶಯ ಅದು. ನಾನು ಕುಲಶೇಖರದಲ್ಲೇ ಹುಟ್ಟಿದವನು. ಅಜ್ಜ ಉಳುತ್ತಿದ್ದ ಗದ್ದೆ ಇದ್ದ ಜಾಗದಲ್ಲೇ ನನ್ನ ಮನೆ ಇದೆ, ತುಳುವಿನಲ್ಲೇ ಬೈಯುತ್ತೇನೆ, ತುಳುವಿನಲ್ಲೇ ಕನಸು ಕಾಣುತ್ತೇನೆ. ಇಷ್ಟಾದರೂ ಈಗ ಕೆಲವು ತಿಂಗಳಿಂದ ಆ ಪ್ರಶ್ನೆಗೆ ಉತ್ತರ ಕೊಡುವ ಸ್ಥಿತಿ ನನ್ನದಾಗಿದೆ.

ನನ್ನ ಉದ್ಯೋಗದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಗ್ರಹಚಾರಕ್ಕೂ ಅದಕ್ಕೂ ಸಂಬಂಧ ಉಂಟು ಎಂದು ಆಮೇಲೆ ಗೊತ್ತಾಯಿತು. ಬಿಕರ್ನಕಟ್ಟೆಯಲ್ಲಿ ನನ್ನದೊಂದು ಕುಶನ್ ಅಂಗಡಿ. ಹಳೆಯ ಸೋಫಾಗಳ ಬಟ್ಟೆ ಸುಲಿದು ಹೊಸ ಬಟ್ಟೆ ಹೊದಿಸುವುದು, ಕುಸಿದ ಸೀಟಿಗೆ ಹೊಸ ಫೋಮು ತುಂಬುವುದು, ಇಷ್ಟೇ ಕೆಲಸ. ಹಳೆಯ ಸೋಫಾದ ಹೊಟ್ಟೆ ಬಗೆದರೆ ಒಂದು ಸಂಸಾರದ ಚರಿತ್ರೆಯೇ ಸಿಗುತ್ತದೆ: ಪೆನ್ನಿನ ಮುಚ್ಚಳ, ಒಂಟಿ ಓಲೆ, ಯಾರದ್ದೋ ಹಲ್ಲುಸೆಟ್ಟಿನ ತುಂಡು, ಎಲ್ಲಕ್ಕಿಂತ ಹೆಚ್ಚಾಗಿ ಧೂಳು. ಆ ಧೂಳಿನಲ್ಲಿ ನಾನು ಯೌವನದಿಂದಲೂ ಸೀನುತ್ತಾ ಬಂದಿದ್ದೇನೆ. ನನ್ನ ಸೀನು ಸಾಧಾರಣದ್ದಲ್ಲ. ಬಾಲಯೇಸುವಿನ ಕ್ಷೇತ್ರಕ್ಕೆ ಬಂದು ಬಸ್ಸಿಗಾಗಿ ನನ್ನ ಅಂಗಡಿಯ ನೆರಳಲ್ಲಿ ನಿಂತವರು ಬೆಚ್ಚಿ ಎರಡು ಹೆಜ್ಜೆ ಆಚೆ ಹೋಗಿ ನಿಲ್ಲುವಂಥದ್ದು. ಹೊಸ ಗಿರಾಕಿ ದಾರಿ ಕೇಳಿದರೆ ಅಕ್ಕಪಕ್ಕದವರು, "ಮುಂದೆ ಹೋಗಿ, ಸೀನು ಕೇಳ್ತದೆ, ಅದೇ ಅಂಗಡಿ" ಎನ್ನುವುದುಂಟು. ಇದನ್ನು ನಾನು ಕಾಯಿಲೆ ಎಂದು ತಿಳಿದದ್ದೇ ಇಲ್ಲ, ಜಾಹೀರಾತು ಎಂದು ತಿಳಿದಿದ್ದೆ.

ಇನ್ನು ನಮ್ಮ ಸೊಸೆ ಶ್ರಾವ್ಯಳ ವಿಷಯ. ಮಗ ಮಸ್ಕತ್ತಿನಲ್ಲಿದ್ದಾನೆ. ಇವಳು ಇಲ್ಲೇ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾ, ಜೊತೆಗೆ ತನ್ನ ಸಂಶೋಧನೆಯನ್ನೂ ಮುಂದುವರಿಸುತ್ತಾ ನಮ್ಮೊಂದಿಗೆ ಇದ್ದಾಳೆ. ನಿಶ್ಚಿತಾರ್ಥದ ದಿನ ನಮ್ಮ ಚಿಕ್ಕಪ್ಪನವರು ಎಂತ ಸಂಶೋಧನೆ ಎಂದು ಕೇಳಿದ್ದರು. ಅವಳು ವಿನಯದಿಂದಲೇ, "ಒಂದೇ ಪ್ರೋಟೀನು ಬೇರೆ ಬೇರೆ ಪ್ರಾಣಿಗಳಲ್ಲಿ ಹೇಗೆ ಉಂಟು ಅಂತ ಹೋಲಿಸಿ ನೋಡುವುದು" ಎಂದಿದ್ದಳು. ಚಿಕ್ಕಪ್ಪ ತಲೆಯಾಡಿಸಿ, ನನ್ನ ಕಿವಿಯಲ್ಲಿ, "ಜಿಮ್ಮಿಗೆ ಹೋಗುವ ಹುಡುಗರು ಹಾಲಿಗೆ ಹಾಕಿ ಕುಡಿಯುತ್ತಾರಲ್ಲ, ಆ ಡಬ್ಬಿಯ ವ್ಯಾಪಾರ ಇರಬೇಕು" ಎಂದರು. ನನಗೂ ಅದಕ್ಕಿಂತ ಉತ್ತಮ ವಿವರಣೆ ಹೊಳೆಯಲಿಲ್ಲ. ಆಮೇಲೆ ಯಾರು ಕೇಳಿದರೂ "ಸೊಸೆ ಫುಡ್ ಲೈನಿನಲ್ಲಿದ್ದಾಳೆ" ಎಂದು ಹೇಳುತ್ತಾ ಬಂದೆ. ಅವಳ ಅಪ್ಪ ಸದಾನಂದ ಬಾವನದ್ದು ಪೇಟೆಯಲ್ಲಿ ಹೆಸರಾದ ಮೀನೂಟದ ಹೋಟೆಲು ಇರುವುದರಿಂದ ಯಾರೂ ಹೆಚ್ಚು ಕೇಳುತ್ತಿರಲಿಲ್ಲ.

ಘಟನೆ ನಡೆದದ್ದು ಒಂದು ಆದಿತ್ಯವಾರ ಮಧ್ಯಾಹ್ನ. ನನ್ನ ಹೆಂಡತಿ ಜಯಂತಿ ಸಿಗಡಿ ಸುಕ್ಕ ಮಾಡಿದ್ದಳು. ಅವಳ ಸಿಗಡಿ ಸುಕ್ಕದ ಬಗ್ಗೆ ಬರೆಯಲು ಹೋದರೆ ನನಗೆ ಈಗ ದುಃಖ ಬರುತ್ತದೆ, ಆದ್ದರಿಂದ ಬಿಡುತ್ತೇನೆ. ಎರಡನೇ ಸಲ ಬಡಿಸಿಕೊಂಡು ನಾಲ್ಕು ತುತ್ತು ತಿಂದಿರಬೇಕು, ತುಟಿ ಚುರುಗುಟ್ಟಿತು. ಮೆಣಸು ಹೆಚ್ಚಾಗಿದೆ ಎಂದೆ. ಜಯಂತಿ ತಲೆ ಎತ್ತಿ ನೋಡಿ, "ಮೆಣಸಿಗೆ ತುಟಿ ಹೀಗಾಗ್ತದಾ?" ಎಂದಳು. ಕೈಯಿಂದ ಮುಟ್ಟಿ ನೋಡಿದರೆ ಅದು ನನ್ನ ತುಟಿ ಎಂದೇ ಅನಿಸಲಿಲ್ಲ, ಯಾರೋ ಸೈಕಲಿನ ಟ್ಯೂಬು ಅಂಟಿಸಿದ ಹಾಗಿತ್ತು. ಮೈಯೆಲ್ಲ ಕೆಂಪಗೆ ದದ್ದು ಎದ್ದಿತು. ಆಗಲೂ ನಾನು ತಟ್ಟೆಯಲ್ಲಿ ಉಳಿದದ್ದನ್ನು ಮುಗಿಸಿ ಏಳೋಣ ಎಂದೇ ಇದ್ದೆ. ಶ್ರಾವ್ಯ ಬಂದು ತಟ್ಟೆಯನ್ನೇ ಎಳೆದಳು. "ಮಾವ, ಗಂಟಲು ಹೇಗುಂಟು?" ಎಂದಳು. ಬಿಗಿಯಾಗಿದೆ ಎಂದು ಹೇಳಲು ಹೊರಟೆ, ಸ್ವರ ಹೊರಡಲಿಲ್ಲ. ಅಷ್ಟರವರೆಗೆ ನಗುತ್ತಿದ್ದ ಜಯಂತಿಯ ಮುಖ ಬಿಳಿಚಿತು.

ಮುಂದಿನದ್ದು ನನಗೆ ತುಂಡು ತುಂಡಾಗಿ ನೆನಪಿದೆ. ಶ್ರಾವ್ಯ ಕಾರು ಬಿಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಜಯಂತಿ ತನಗೆ ಗೊತ್ತಿದ್ದ ಎಲ್ಲ ದೈವಗಳನ್ನೂ, ದಾರಿಯಲ್ಲಿ ಸಿಕ್ಕಿದ ಬಾಲಯೇಸುವನ್ನೂ ಬಿಡದೆ ಬೇಡಿಕೊಳ್ಳುತ್ತಿದ್ದಳು. ನಂತೂರಿನಲ್ಲಿ ಎಂದಿನಂತೆ ಲಾರಿ, ಬಸ್ಸು, ಟ್ಯಾಂಕರು ಎಲ್ಲ ಒಂದರ ಮುಖಕ್ಕೆ ಇನ್ನೊಂದು ಮುಖ ಇಟ್ಟುಕೊಂಡು ನಿಂತಿದ್ದವು. ಸೊಸೆ ಒಂದು ಕೈಯನ್ನು ಹಾರ್ನಿನ ಮೇಲಿಟ್ಟು, ಇನ್ನೊಂದು ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ಟ್ಯಾಂಕರಿನ ಚಾಲಕನಿಗೆ ತುಳುವಿನಲ್ಲಿ ಏನೋ ಹೇಳಿದಳು. ಅಂಥ ಬೈಗುಳ ಅವಳಿಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಟ್ಯಾಂಕರು ಹಿಂದೆ ಸರಿಯಿತು. ಉಸಿರು ಸಿಳ್ಳೆ ಹೊಡೆಯುತ್ತಿದ್ದ ಆ ಸ್ಥಿತಿಯಲ್ಲೂ ನನಗೆ ಸೊಸೆಯ ಬಗ್ಗೆ ಬಹಳ ಅಭಿಮಾನ ಉಂಟಾಯಿತು. ಆಸ್ಪತ್ರೆಯಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಬಿತ್ತು. ಸ್ವಲ್ಪ ಹೊತ್ತಿನಲ್ಲಿ ಗಂಟಲು ಸಡಿಲವಾಗಿ, ಲೋಕ ಮತ್ತೆ ಮೊದಲಿನಂತೆ ಕಂಡಿತು. ಡಾಕ್ಟರು, "ಸ್ವಲ್ಪ ತಡವಾಗಿದ್ದರೆ ಕಷ್ಟ ಇತ್ತು. ಇನ್ನು ಸಿಗಡಿ ಮುಟ್ಟಬೇಡಿ. ಟೆಸ್ಟ್ ಆಗುವವರೆಗೆ ಚಿಪ್ಪಿನದ್ದು ಯಾವುದೂ ಬೇಡ" ಎಂದರು. ಮನುಷ್ಯನ ಕಿವಿ ವಿಚಿತ್ರ. ಸಿಗಡಿಯ ಮಾತು ನನ್ನ ಒಂದು ಕಿವಿಯಿಂದ ಒಳಗೆ ಹೋಗಿ ಕೂತಿತು, ಚಿಪ್ಪಿನ ಮಾತು ಇನ್ನೊಂದು ಕಿವಿಯಿಂದ ಹೊರಗೆ ಹೋಯಿತು.

ಆದ್ದರಿಂದ ಮೈ ಸುಧಾರಿಸಿದ ಮೇಲೆ ಒಂದು ಸಂಜೆ ಊಟದ ಮೇಜಿನಲ್ಲಿ ನಾನು ಧಾರಾಳವಾಗಿ ಘೋಷಿಸಿದೆ: "ಹೋದರೆ ಹೋಗಲಿ ಸಿಗಡಿ. ಏಡಿ ಉಂಟಲ್ಲ." ಲ್ಯಾಪ್‌ಟಾಪಿನ ಎದುರು ಕೂತಿದ್ದ ಶ್ರಾವ್ಯ ನನ್ನನ್ನು ನೋಡಿದಳು, ತನ್ನ ಮಂದಮತಿ ವಿದ್ಯಾರ್ಥಿಗಳನ್ನು ನೋಡುವ ತಾಳ್ಮೆಯಿಂದ.

"ಮಾವ, ಇಲ್ಲಿ ಬನ್ನಿ" ಎಂದಳು.

ತೆರೆಯ ಮೇಲೆ ಅಕ್ಷರಗಳ ಸಾಲು ಇತ್ತು. ಅರ್ಥವಿಲ್ಲ, ಪದವಿಲ್ಲ, ಯಾರೋ ಟೈಪು ಮಾಡುತ್ತಾ ಮಾಡುತ್ತಾ ಕೀಲಿಗಳ ಮೇಲೆಯೇ ತಲೆಯಿಟ್ಟು ನಿದ್ದೆ ಹೋದ ಹಾಗೆ. "ಪ್ರೋಟೀನು ಅಂದ್ರೆ ಮಣಿ ಪೋಣಿಸಿದ ಸರ. ಇಪ್ಪತ್ತು ಬಗೆಯ ಮಣಿ, ಒಂದೊಂದಕ್ಕೆ ಒಂದೊಂದು ಅಕ್ಷರ. ಇದು ಸಿಗಡಿಯ ಮಾಂಸದಲ್ಲಿರುವ ಒಂದು ಪ್ರೋಟೀನು, ಟ್ರೊಪೊಮಯೋಸಿನ್ ಅಂತ. ಸಿಗಡಿ ಆಗದವರಲ್ಲಿ ಹೆಚ್ಚಿನವರ ಮೈಗೆ ಸಿಟ್ಟು ಬರುವುದು ಇದರ ಮೇಲೆ. ನಿಮ್ಮದೂ ಇದೇ ಇರಬೇಕು, ಟೆಸ್ಟ್ ಆದ ಮೇಲೆ ಗೊತ್ತಾಗ್ತದೆ" ಎಂದಳು. ಆಮೇಲೆ ಅದರ ಕೆಳಗೆ ಇನ್ನೊಂದು ಸಾಲನ್ನು ತಂದು ಕೂರಿಸಿದಳು. ಒಂದೇ ರೀತಿಯ ಅಕ್ಷರ ಇದ್ದಲ್ಲಿ ಬಣ್ಣ ತುಂಬಿಕೊಂಡಿತು. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಎಲ್ಲ ಬಣ್ಣವೇ ಬಣ್ಣ. ಬಿಳಿ ಕಿಂಡಿ ಎಲ್ಲೋ ಒಂದೊಂದು.

"ಎರಡನೆಯದು ಯಾವುದು?" ಎಂದೆ.

"ನಿಮ್ಮ ಏಡಿ."

ನನಗೆ ಯಾರೋ ಮನೆಯ ಆಧಾರಸ್ತಂಭವನ್ನು ಕಿತ್ತ ಹಾಗಾಯಿತು. ಆದರೆ ಆ ದುಃಖದ ನಡುವೆಯೂ ನನ್ನ ಕಣ್ಣು ಆ ಬಣ್ಣಗಳನ್ನು ಬಿಟ್ಟು ಬರಲಿಲ್ಲ. ಒಂದೇ ಸಾಲು ಇದ್ದಾಗ ಏನೂ ಹೇಳದೆ ಗುಮ್ಮನಂತೆ ಕೂತಿದ್ದ ಅಕ್ಷರಗಳು, ಪಕ್ಕದಲ್ಲಿ ನೆಂಟನನ್ನು ಕೂರಿಸಿದ ಕೂಡಲೇ ಮಾತಾಡತೊಡಗಿದ್ದವು. ನನಗೆ ನನ್ನ ಕೆಲಸ ನೆನಪಾಯಿತು. ನಾನು ಕುಶನ್ ಹೊಲಿಯಲು ಕಲಿತ ಮೇಸ್ತ್ರಿಯವರ ಹತ್ತಿರ ಕುರ್ಚಿಯ ಸೀಟಿಗೆ ಕಾರ್ಡ್‌ಬೋರ್ಡಿನ ಒಂದು ಮಾದರಿ ಇತ್ತು. ಅವರ ಕೈಕೆಳಗೆ ಕಲಿತ ನಾವೆಲ್ಲ ಅದರ ಮೇಲೆ ಇಟ್ಟು ಒಂದೊಂದು ನಕಲು ಕತ್ತರಿಸಿಕೊಂಡು ಹೋದೆವು. ನಮ್ಮ ನಕಲಿನಿಂದ ನಮ್ಮ ಹತ್ತಿರ ಕಲಿತವರು ಕತ್ತರಿಸಿಕೊಂಡರು. ಕತ್ತರಿಯ ಪ್ರತಿಯೊಂದು ಓಟದಲ್ಲೂ ಅಂಚು ಸ್ವಲ್ಪ ಸ್ವಲ್ಪ ಬದಲಾಯಿತು. ಈಗ ಕಾಸರಗೋಡಿನಿಂದ ಒಂದು ಕುರ್ಚಿ ಬಂದರೂ ಅದರ ಮೂಲೆ ನೋಡಿ, ಇದು ನಮ್ಮ ಮೇಸ್ತ್ರಿಯವರ ಕಡೆಯದ್ದು, ಯಾವ ಕೈಯಿಂದ ಯಾವ ಕೈಗೆ ಹೋದದ್ದು ಎಂದು ನಾನು ಹೇಳಬಲ್ಲೆ. ಇದನ್ನು ಸೊಸೆಗೆ ಹೇಳಿದಾಗ ಅವಳ ಮುಖ ಅರಳಿದ ರೀತಿಯನ್ನು ಮರೆಯಲಾರೆ.

"ಅದೇ ಮಾವ. ನೀವು ಮೂಲೆ ನೋಡ್ತೀರಿ, ನಾನು ಅಕ್ಷರ ನೋಡ್ತೇನೆ. ಕೆಲವು ಜಾಗವನ್ನು ಯಾರೂ ಬದಲಾಯಿಸುವುದಿಲ್ಲ ಅಲ್ವಾ, ಬದಲಾಯಿಸಿದ್ರೆ ಸೀಟು ಕೂರುವುದೇ ಇಲ್ಲ?"

"ಮುಂದಿನ ಎರಡು ಮೂಲೆ. ಅದು ತಪ್ಪಿದರೆ ಕೂತವ ಜಾರಿ ಬೀಳ್ತಾನೆ."

"ಇಲ್ಲಿಯೂ ಹಾಗೆಯೇ. ಕೋಟಿಗಟ್ಟಲೆ ವರ್ಷ ಆದ್ರೂ ಈ ಜಾಗ, ಈ ಜಾಗ ಬದಲಾಗಲಿಲ್ಲ. ಬದಲಾದ ಜೀವಿ ಉಳಿಯಲಿಲ್ಲ."

ಕೋಟಿಗಟ್ಟಲೆ ವರ್ಷ ಎಂದರೆ ನನಗೆ ಕಲ್ಪನೆಗೆ ನಿಲುಕುವುದಿಲ್ಲ. ಹತ್ತು ವರ್ಷ ಗ್ಯಾರಂಟಿ ಎಂದು ಕಂಪೆನಿ ಮುದ್ರೆ ಒತ್ತಿ ಕಳಿಸಿದ ಫೋಮು ಮೂರನೇ ಮಳೆಗಾಲಕ್ಕೆ ಹಪ್ಪಳವಾಗುವುದನ್ನು ಕಂಡವನು ನಾನು. ಸಮುದ್ರದ ಕೆಸರಿನಲ್ಲಿ ಹುಟ್ಟಿ ಸಾಯುವ ಒಂದು ಹುಳದಂಥ ಪ್ರಾಣಿ ತನ್ನ ಅಜ್ಜಿಯ ಅಜ್ಜಿಯಿಂದ ಬಂದ ಮಣಿಸರವನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿದೆಯಲ್ಲ ಎಂದು ಆಶ್ಚರ್ಯವಾಯಿತು. ಅದಕ್ಕಿಂತ ಆಶ್ಚರ್ಯ, ನಮ್ಮ ಮನೆಯ ಈ ಹುಡುಗಿ ದಿನಾ ಚಾ ಕುಡಿದು, ಕಸ ಗುಡಿಸಿ, ಬಸ್ಸಿನಲ್ಲಿ ನಿಂತುಕೊಂಡು ಕಾಲೇಜಿಗೆ ಹೋಗಿ ಇದನ್ನು ಓದುತ್ತಿದ್ದಳು ಎಂಬುದು.

ಅವಳು ಸಾಲಿನ ಕೆಳಗೆ ಸಾಲು ಕೂರಿಸುತ್ತಾ ಹೋದಳು. ಮೂರನೆಯದೂ ಹೆಚ್ಚು ಕಡಿಮೆ ಬಣ್ಣ ತುಂಬಿಕೊಂಡೇ ಬಂತು. ಅಷ್ಟರಲ್ಲಿ ಜಯಂತಿಯೂ ಕೈ ಒರೆಸಿಕೊಂಡು ಬಂದು ನಿಂತಿದ್ದಳು. "ಇದು ಯಾವ ಮೀನು?" ಎಂದು ಕೇಳಿದಳು.

"ಮೀನಲ್ಲ ಅತ್ತೆ, ಜಿರಳೆ. ಸಿಗಡಿಗೆ ಹಳೆಯ ಸಂಬಂಧ."

ಜಯಂತಿ ಹಿಂದಿನ ದಿನವಷ್ಟೇ ತಂಗಿಯ ಮನೆಯಲ್ಲಿ ಸಿಗಡಿ ಪುಳಿಮುಂಚಿ ತಿಂದು ಬಂದಿದ್ದಳು. ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದಳು. ನನಗೆ ಸಿಗಡಿ ಬಿಟ್ಟದ್ದಕ್ಕೆ ಆ ಕ್ಷಣ ಸಿಕ್ಕಿದಷ್ಟು ಸಮಾಧಾನ ಬೇರೆ ಎಂದೂ ಸಿಗಲಿಲ್ಲ.

ನಾಲ್ಕನೆಯ ಸಾಲು ಬಂದಾಗ ಶ್ರಾವ್ಯ ನನ್ನ ಕಡೆ ತಿರುಗಿದಳು. "ಇದು ಧೂಳಿನ ನುಸಿ ಮಾವ. ಕಣ್ಣಿಗೆ ಕಾಣುವುದಿಲ್ಲ. ಹಳೆಯ ಹಾಸಿಗೆ, ಸೋಫಾ, ಅದರೊಳಗೆ ಇರ್ತದೆ." ನಾನು ನೋಡಿದೆ. ಅಲ್ಲಿಯೂ ಅದೇ ಬಣ್ಣ. "ನಿಮ್ಮ ಮೈ ಅಂಗಡಿಯಲ್ಲಿ ಮೊದಲು ಇದರ ಹತ್ತಿರ ಜಗಳ ಶುರು ಮಾಡಿರಬಹುದು. ಆಮೇಲೆ ಸಿಗಡಿಯ ಮುಖ ನೋಡಿ, ಇದೂ ಅದೇ ಅಂತ ಎಣಿಸಿರಬಹುದು. ಖಂಡಿತ ಅಂತ ಹೇಳಲಿಕ್ಕೆ ಬರುವುದಿಲ್ಲ, ಆದ್ರೆ ಹಾಗೆ ಆಗುವುದುಂಟು." ಅವಳ ಈ 'ಇರಬಹುದು' ಮೊದಮೊದಲು ನನಗೆ ಕಿರಿಕಿರಿಯಾಗುತ್ತಿತ್ತು. ನಮ್ಮ ಕಡೆ ಸೀನಿಗೆ ಮದ್ದು ಹೇಳುವವರು ಯಾರೂ 'ಇರಬಹುದು' ಎನ್ನುವುದಿಲ್ಲ, ಆಣೆ ಹಾಕಿ ಹೇಳುತ್ತಾರೆ. ಇಷ್ಟೆಲ್ಲ ತಿಳಿದವಳು ತಾನು ತಿಳಿಯದ್ದರ ಗಡಿಯಲ್ಲಿ ಹೀಗೆ ನಿಂತುಬಿಡುತ್ತಾಳಲ್ಲ, ಒಂದು ಹೆಜ್ಜೆಯೂ ಆಚೆ ಇಡುವುದಿಲ್ಲವಲ್ಲ, ಅದು ಎಂಥ ದೊಡ್ಡ ಗುಣ ಎಂದು ನನಗೆ ಮೆಲ್ಲಗೆ ಅರ್ಥವಾಯಿತು.

ಕೊನೆಗೆ ಅವಳು ಮೀನು, ಕೋಳಿ, ಮನುಷ್ಯ ಮೂರನ್ನೂ ತಂದು ಕೂರಿಸಿದಳು. ಸಿಗಡಿಯ ಸಾಲಿನ ಹತ್ತಿರ ಅವುಗಳಿಗೆ ಅಲ್ಲಲ್ಲಿ ಮಾತ್ರ ಬಣ್ಣ, ಆದರೆ ಅವು ಮೂರೂ ಪರಸ್ಪರ ಬಹಳ ಅನ್ಯೋನ್ಯವಾಗಿದ್ದವು. "ಈ ಪ್ರೋಟೀನಿನಲ್ಲಿ ಮೀನು, ಕೋಳಿ ನಮಗೆ ಹತ್ತಿರ. ತನ್ನ ಹಾಗೆಯೇ ಇರುವುದರ ಹತ್ತಿರ ಮೈ ಸಾಮಾನ್ಯವಾಗಿ ಜಗಳಕ್ಕೆ ಹೋಗುವುದಿಲ್ಲ. ಅದಕ್ಕೇ ನಿಮಗೆ ಬಂಗುಡೆ, ಕೋಳಿ ಎಂತದೂ ಮಾಡ್ಲಿಲ್ಲ" ಎಂದಳು. ಮನುಷ್ಯನ ಸಾಲನ್ನೂ ಕೋಳಿಯ ಸಾಲನ್ನೂ ನಾನು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದೆ. ವ್ಯತ್ಯಾಸ ಹುಡುಕಬೇಕಾಗಿತ್ತು. "ಇದು ಯಾರ ಪ್ರೋಟೀನು?" ಎಂದು ಕೇಳಿದೆ. "ಯಾರದ್ದೂ ಆಗಬಹುದು ಮಾವ. ನಿಮ್ಮದೂ ಇದೇ" ಎಂದಳು. ಆದಿತ್ಯವಾರದ ಕೋಳಿಗೂ ನನಗೂ ನಡುವೆ ಇದ್ದ ಅಂತರದ ಬಗ್ಗೆ ನನ್ನಲ್ಲಿದ್ದ ಅಭಿಪ್ರಾಯ ಅಂದೇ ಬದಲಾಯಿತು.

ಇಷ್ಟೆಲ್ಲ ಕಣ್ಣಾರೆ ನೋಡಿದ ಮೇಲೆ ಒಬ್ಬ ಮನುಷ್ಯ ಏಡಿಯ ಆಸೆ ಬಿಡಬೇಕು. ಬಿಟ್ಟಿದ್ದೆ ಕೂಡ. ಆದರೆ ಸದಾನಂದ ಬಾವನ ಫೋನು ಬಂತು. ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಹೊಸ ಫ್ಯಾಮಿಲಿ ರೂಮು ಮಾಡಿದ್ದರು, ಅಲ್ಲಿಯ ಮೊದಲ ಊಟ ನಮ್ಮದೇ ಆಗಬೇಕಂತೆ. ಬಾವ ದೊಡ್ಡ ಮನೆತನದವರು, ಒಂದು ಕಾಲದಲ್ಲಿ ಊರಿಗೆ ಊರನ್ನೇ ಕೂರಿಸಿ ಉಣಿಸಿದ ಮನೆ. ಭೂಮಿ ಹೋಗಿ ಹೋಟೆಲು ಬಂದರೂ ಬಡಿಸುವ ಕೈ ಹೋಗಿಲ್ಲ. ಅವರು ಬಡಿಸಿದ್ದನ್ನು ಬೇಡ ಎನ್ನುವುದು ಅವರ ಅಜ್ಜನವರೆಗೆ ಹೋಗಿ ತಟ್ಟುತ್ತದೆ.

"ಬಾವ, ಸಿಗಡಿ ವಿಷಯ ಗೊತ್ತಾಯ್ತು. ಬೇಡ ಬಿಡಿ. ನಿಮಗೆ ಅಂತ ಏಡಿ ಹೇಳಿದ್ದೇನೆ, ಇಷ್ಟು ದೊಡ್ಡದು" ಎಂದು ಅವರು ಫೋನಿನಲ್ಲೇ ಕೈ ಅಗಲಿಸಿ ತೋರಿಸಿದ್ದು ನನಗೆ ಕಂಡಿತು. "ಏಡಿಗೆ ತೊಂದರೆ ಇಲ್ಲ ಅಲ್ವಾ?"

ಇಲ್ಲಿ ನಾನು ಸ್ಪಷ್ಟವಾಗಿ "ತೊಂದರೆ ಉಂಟು" ಎನ್ನಬೇಕಾಗಿತ್ತು. ನಾನು "ಹೂಂ" ಎಂದೆ. ಅದು ಉಂಟು ಎಂದೂ ಆಗುತ್ತದೆ, ಇಲ್ಲ ಎಂದೂ ಆಗುತ್ತದೆ ಎಂಬುದು ನನ್ನ ಲೆಕ್ಕ. ಬಾವ ತಮಗೆ ಬೇಕಾದ ಅರ್ಥ ತೆಗೆದುಕೊಂಡು ಫೋನಿಟ್ಟರು. ಪಕ್ಕದಲ್ಲೇ ಅವರೆಕಾಳು ಸುಲಿಯುತ್ತಿದ್ದ ಜಯಂತಿ ಎಲ್ಲ ಕೇಳಿಸಿಕೊಂಡಿದ್ದಳು. "ಏಡಿಗೆ ಹೂಂ ಅಂದ್ರಾ?" ಎಂದಳು. "ಅಲ್ಲಿ ಹೋಗಿ ನೋಡುವ" ಎಂದೆ.

ಅಲ್ಲಿ ಹೋಗಿ ನೋಡಿದರೆ ಏಡಿ ನಿಜವಾಗಿಯೂ ಅಷ್ಟು ದೊಡ್ಡದಿತ್ತು. ಹೊಸ ಬಣ್ಣದ ವಾಸನೆಯ ರೂಮು, ದೊಡ್ಡ ಮೇಜು, ನಡುವೆ ಬಾಳೆಲೆಯ ಮೇಲೆ ತುಪ್ಪದಲ್ಲಿ ಹುರಿದ ಕೆಂಪು ಏಡಿ, ರಾಜನ ಹಾಗೆ ಕೈ ಚಾಚಿ ಮಲಗಿತ್ತು. ಬಾವ ತಾವೇ ಸೊಂಟಕ್ಕೆ ಬೈರಾಸು ಸುತ್ತಿಕೊಂಡು ಬಂದು, ಅದರ ಇಕ್ಕಳದಂಥ ದೊಡ್ಡ ಕೊಂಬು ಮುರಿದು ನನ್ನ ತಟ್ಟೆಗೆ ಹಾಕಿದರು. "ಚೆನ್ನಾಗಿ ಬೆಂದಿದೆ ಬಾವ. ಬೆಂದ ಮೇಲೆ ಯಾವ ಎಲರ್ಜಿಯೂ ಇಲ್ಲ. ಅದೆಲ್ಲ ಈಗಿನವರ ಹೆದರಿಕೆ." ಎದುರು ಕೂತು ನಾನು ತಿನ್ನುವುದನ್ನೇ ನೋಡತೊಡಗಿದರು. ಆ ಮುಖದಲ್ಲಿ ಎಷ್ಟು ಪ್ರೀತಿ ಇತ್ತೆಂದರೆ, ಗಂಟಲು ಕಟ್ಟಿ ಸತ್ತರೂ ಪರವಾಗಿಲ್ಲ, ಇವರ ಮನಸ್ಸು ನೋಯಿಸಬಾರದು ಎಂದು ನನಗೆ ಅನಿಸಿತು. ಸ್ವಲ್ಪವೇ ತಿಂದರೆ ಸ್ವಲ್ಪವೇ ಆಗಬಹುದು ಎಂದುಕೊಂಡು ಬೆರಳು ಮುಂದೆ ಮಾಡಿದೆ.

ಶ್ರಾವ್ಯ ತನ್ನ ಅಂಗೈಯನ್ನು ನನ್ನ ತಟ್ಟೆಯ ಮೇಲೆ ಅಡ್ಡ ಇಟ್ಟಳು.

"ಮಾವ, ಬೇಡ."

"ಶ್ರಾವ್ಯ" ಎಂದರು ಬಾವ. ಸ್ವರ ಏರಿಸಲಿಲ್ಲ, ಅದೇ ಹೆಚ್ಚು ಭಯವಾಗಿತ್ತು. "ಊಟಕ್ಕೆ ಕೂತವರ ತಟ್ಟೆಗೆ ಕೈ ಹಾಕುವುದು ನಮ್ಮ ಮನೆಯಲ್ಲಿ ಇಲ್ಲ."

"ಗೊತ್ತುಂಟು ಪಪ್ಪ. ಆದ್ರೆ ಇದು ಬೆಂದ್ರೂ ಹೋಗುವುದಿಲ್ಲ, ಈ ಪ್ರೋಟೀನು ಬಿಸಿಗೆ ಬಗ್ಗುವುದಲ್ಲ. ಮಾವನಿಗೆ ಇದು ಸಿಗಡಿಯೇ."

"ಏಡಿ ಹೇಗೆ ಸಿಗಡಿ ಆಗ್ತದೆ? ಇಷ್ಟು ವರ್ಷ ಹೋಟೆಲು ನಡೆಸಿದವ ನಾನು. ನೀನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವಳು."

ಈ ಮಾತಿನ ಹಿಂದೆ ಒಂದು ಹಳೆಯ ಗಾಯ ಇತ್ತು. ಮಗಳು ಹೋಟೆಲು ನೋಡಿಕೊಳ್ಳಬೇಕು ಎಂದು ಬಾವನಿಗೆ ಬಹಳ ಆಸೆಯಿತ್ತು. ಅವಳು ಪ್ರೋಟೀನಿನ ಹಿಂದೆ ಹೋದಳು. ಅಪ್ಪ ಬೈಯಲಿಲ್ಲ, ಫೀಸು ಕಟ್ಟಿದರು, ಆದರೆ ಅವಳು ಏನು ಓದುತ್ತಾಳೆ ಎಂದು ಒಮ್ಮೆಯೂ ಕೇಳಲಿಲ್ಲವಂತೆ. ಇದನ್ನು ಜಯಂತಿ ನನಗೆ ಹೇಳಿದ್ದಳು. ಈಗ ಇವಳು ಅಳುತ್ತಾಳೆ, ಇಲ್ಲವೇ ಎದ್ದು ಹೋಗುತ್ತಾಳೆ ಎಂದು ನಾನು ಎಣಿಸಿದೆ. ಅವಳು ಕೈಯನ್ನು ತಟ್ಟೆಯ ಮೇಲಿಂದ ತೆಗೆಯಲೇ ಇಲ್ಲ.

"ಪಪ್ಪ, ನಿಮ್ಮ ಹತ್ತಿರ ಮದುವೆ ವಿಷಯ ಕೇಳಲಿಕ್ಕೆ ಜನ ಬರ್ತಾರಲ್ಲ, ನೀವು ಮೊದಲು ಎಂತ ಕೇಳುವುದು?"

"ಬರಿ ಯಾವುದು ಅಂತ ಕೇಳುವುದು" ಎಂದರು ಬಾವ. ತುಳುವರಲ್ಲಿ ತಾಯಿಯ ಕಡೆಯಿಂದ ಬರುವ ಕುಲಕ್ಕೆ ಬರಿ ಎನ್ನುತ್ತಾರೆ. ಒಂದೇ ಬರಿಯವರು ಮದುವೆ ಆಗುವಂತಿಲ್ಲ.

"ಹುಡುಗ ಕಾಸರಗೋಡಿನವ, ಹುಡುಗಿ ಕಾರ್ಕಳದವಳು. ಇಬ್ಬರದ್ದೂ ಮುಖದಲ್ಲಿ ಹೋಲಿಕೆ ಇಲ್ಲ, ಮನೆಯವರು ಒಬ್ಬರನ್ನೊಬ್ಬರು ಕಂಡೇ ಇಲ್ಲ. ಆದ್ರೆ ಬರಿ ಒಂದೇ. ಒಪ್ತೀರಾ?"

"ಹೇಗೆ ಒಪ್ಪುವುದು? ಅಣ್ಣ ತಂಗಿ ಆದ ಹಾಗೆ ಅಲ್ವಾ. ಮುಖ ನೋಡಿ ಎಂತ ಗೊತ್ತಾಗ್ತದೆ?"

"ನಾನು ಇಷ್ಟು ವರ್ಷ ಓದಿದ್ದು ಅದೇ ಪಪ್ಪ. ಪ್ರಾಣಿಗಳ ಮುಖ ನೋಡುವುದಲ್ಲ, ಪ್ರೋಟೀನಿನ ಬರಿ ಕೇಳುವುದು. ಸಿಗಡಿಗೂ ಏಡಿಗೂ ಬರಿ ಒಂದೇ. ಮಾವನಿಗೆ ಆ ಮನೆಯ ಸಂಬಂಧ ಆಗುವುದಿಲ್ಲ."

ಬಾವನಿಗೆ ಈ ಊರಿನ ಅರ್ಧ ಜನರ ಬರಿ ಬಾಯಿಪಾಠ. ಎಷ್ಟೋ ಒಳ್ಳೆಯ ಸಂಬಂಧಗಳನ್ನು ಆ ಒಂದೇ ಮಾತಿನಿಂದ ಅವರು ತಪ್ಪಿಸಿದ್ದಾರೆ. ನಿಧಾನವಾಗಿ ಕೈ ಚಾಚಿ ನನ್ನ ತಟ್ಟೆಯನ್ನೇ ಎತ್ತಿ ಪಕ್ಕಕ್ಕಿಟ್ಟರು. "ಹಾಗಾದ್ರೆ ಬಂಗುಡೆ?" ಎಂದರು.

"ಬಂಗುಡೆ ಬೇರೆ ಬರಿ. ಆಗ್ತದೆ. ಆದ್ರೆ ಯಾವ ಕಾವಲಿಯಲ್ಲಿ ಹುರಿದದ್ದು?"

ಬಾವ ಎದ್ದು ಕೆಳಗೆ ಅಡುಗೆಮನೆಗೆ ಹೋದರು. ಬರುವಾಗ ಮುಖ ಸಪ್ಪಗಿತ್ತು. "ಸಿಗಡಿ ಹುರಿದ ಕಾವಲಿಯೇ. ಎಣ್ಣೆಯೂ ಅದೇ" ಎಂದರು. ಮೇಜಿನ ಮೇಲೆ ನನಗಾಗಿ ಇಟ್ಟಿದ್ದ ಬಂಗುಡೆಯನ್ನು ತಾವೇ ತೆಗೆದರು. ಅದನ್ನು ತಿಂದಿದ್ದರೆ ಎಂದು ಎಣಿಸಿಯೋ ಏನೋ, ಜಯಂತಿ ನನ್ನ ಮೊಣಕೈಯನ್ನು ಮೇಜಿನ ಕೆಳಗೆ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಬಾವ ಹೊಸ ಕಾವಲಿ ತರಿಸಿ, ಅದನ್ನು ತಮ್ಮ ಕೈಯಿಂದಲೇ ತೊಳೆದು, ಹೊಸ ಎಣ್ಣೆ, ಹೊಸ ಮಸಾಲೆ ಇಟ್ಟುಕೊಂಡು ಒಲೆಯ ಎದುರು ನಿಂತರಂತೆ. ಯಜಮಾನರು ಒಲೆ ಹಚ್ಚಿದ್ದನ್ನು ಕಂಡು ಅಡುಗೆಯವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು ಎಂದು ಬಡಿಸುವವನು ಬಂದು ಹೇಳಿದ. ಬಂಗುಡೆಯ ಒಂದು ಬದಿ ಸ್ವಲ್ಪ ಕರಟಿತ್ತು. ಅಷ್ಟು ರುಚಿಯಾದ ಬಂಗುಡೆಯನ್ನು ನಾನು ಆ ಹೋಟೆಲಿನಲ್ಲಿ ಬೇರೆ ಎಂದೂ ತಿಂದಿಲ್ಲ.

ಊಟವಾದ ಮೇಲೆ ಬಾವ ಕನ್ನಡಕ ಹಾಕಿಕೊಂಡು ಮಗಳ ಪಕ್ಕದ ಕುರ್ಚಿಗೆ ಬಂದು ಕೂತರು. "ಅದನ್ನು ಒಮ್ಮೆ ತೋರಿಸು" ಎಂದರು. ಅವಳು ಫೋನಿನಲ್ಲೇ ಆ ಸಾಲುಗಳನ್ನು ತೆರೆದಳು. ಅವರು ಬೆರಳಿಟ್ಟು ಕೇಳುತ್ತಾ ಹೋದರು, ಇದು ಯಾರು, ಇದು ಯಾರು, ಇವರಿಗೂ ಅವರಿಗೂ ಎಷ್ಟು ತಲೆಮಾರು. ಬರಿ ವಿಚಾರಿಸುವಾಗಿನ ಅದೇ ಗಂಭೀರ ಮುಖ. ತುಂಬ ಹೊತ್ತಿನ ಮೇಲೆ, "ನೀನು ಇದನ್ನೇ ಮಾಡ್ತಾ ಇದ್ದದ್ದಾ ಇಷ್ಟು ವರ್ಷ?" ಎಂದರು.

"ಹೌದು ಪಪ್ಪ."

"ನನಗೆ ಯಾರೂ ಹೇಳಲಿಲ್ಲ ಮಾರಾಯ್ತಿ."

ಅವಳು ನಕ್ಕಳು. ನೀವು ಒಮ್ಮೆಯೂ ಕೇಳಿರಲಿಲ್ಲ ಎನ್ನಲು ಅವಳಿಗೆ ಪೂರ್ತಿ ಹಕ್ಕಿತ್ತು. ಅವಳು ಅದನ್ನು ಹೇಳದೆ ಜಿರಳೆಯ ಸಾಲನ್ನು ತೋರಿಸಲು ಹೊರಟಳು. ಜಯಂತಿ ನೀರು ಕುಡಿಯಲು ಎದ್ದು ಹೋದಳು. ಈಗ ಬಾವನ ಹೋಟೆಲಿನಲ್ಲಿ ಸಿಗಡಿ, ಏಡಿಗೆ ಬೇರೆ ಕಾವಲಿ, ಬೇರೆ ಸೌಟು. ಗಿರಾಕಿಗಳು ಕಾರಣ ಕೇಳಿದರೆ ಅವರೇ ಗಲ್ಲೆಯಿಂದ ಎದ್ದು ಬಂದು, "ನನ್ನ ಮಗಳು ಪ್ರೋಟೀನಿನ ಬರಿ ನೋಡುವವಳು" ಎಂದು ಶುರು ಮಾಡುತ್ತಾರೆ. ಊಟ ಆರುವವರೆಗೆ ನಿಲ್ಲಿಸುವುದಿಲ್ಲ.

ನನ್ನ ಟೆಸ್ಟು ಆಯಿತು. ಸಿಗಡಿ, ಏಡಿ, ಧೂಳಿನ ನುಸಿ ಮೂರಕ್ಕೂ ಮುಂಗೈಯ ಮೇಲೆ ಬೊಬ್ಬೆ ಎದ್ದಿತು. ಅಂಗಡಿಯಲ್ಲಿ ಈಗ ಮೂಗಿಗೆ ಮಾಸ್ಕು ಹಾಕಿಕೊಂಡು ಕೂರುತ್ತೇನೆ, ಸೀನು ಕಡಿಮೆಯಾಗಿದೆ, ದಾರಿ ಕೇಳುವವರಿಗೆ ಅಂಗಡಿ ಹುಡುಕಲು ಕಷ್ಟವಾಗಿದೆ. ಉಳಿದವುಗಳ ಬಗ್ಗೆ ನನ್ನ ಗೊಂದಲ ಮಾತ್ರ ಮುಗಿಯಲಿಲ್ಲ. ಬೊಂಡಾಸ್, ಅಂದರೆ ಸ್ಕ್ವಿಡ್ಡು, ಆಗುತ್ತದಾ, ಮರುವಾಯಿ ಚಿಪ್ಪು ಆಗುತ್ತದಾ ಎಂದು ನಾನು ದಿನ ಬಿಟ್ಟು ದಿನ ಕೇಳುವುದು, ದೂರದ ಸಂಬಂಧವೇ ಆದರೂ ನಂಬುವ ಹಾಗಿಲ್ಲ, ಡಾಕ್ಟರು ಬೇಡ ಅಂದಿದ್ದಾರೆ ಎಂದು ಅವಳು ಹೇಳುವುದು, ನಾನು ಮರೆಯುವುದು ನಡೆದೇ ಇತ್ತು. ಕೊನೆಗೆ ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಸೊಸೆ ನನ್ನ ತಲೆಗೆ ಹೊಂದುವ ಒಂದು ಸುಲಭದ ಸೂತ್ರ ಮಾಡಿಕೊಟ್ಟಳು. "ಇಷ್ಟೇ ನೆನಪಿಟ್ಟುಕೊಳ್ಳಿ ಮಾವ. ಸದ್ಯಕ್ಕೆ ಬೆನ್ನುಮೂಳೆ ಇರುವುದನ್ನು ತಿನ್ನಿ, ಬೆನ್ನುಮೂಳೆ ಇಲ್ಲದ್ದನ್ನು ಬಿಡಿ. ಬೆನ್ನುಮೂಳೆ ಇರುವವರೆಲ್ಲ ಒಂದು ಕಡೆ, ನಮ್ಮ ಕಡೆ."

ಜಯಂತಿ ಅನ್ನ ಬಡಿಸುತ್ತಾ ಇದ್ದವಳು ಕೈ ನಿಲ್ಲಿಸಿದಳು. "ಅಲ್ಲ ಶ್ರಾವ್ಯ, ನನಗೊಂದು ಸಂಶಯ. ಏಡಿ ಆಗ್ತದಾ ಅಂತ ಫೋನಿನಲ್ಲಿ ಕೇಳಿದ್ರೆ ಹೂಂ ಹೂಂ ಅನ್ನುವವರು ಯಾವ ಕಡೆಗೆ ಬರ್ತಾರೆ?"

ಶ್ರಾವ್ಯ ಯಾವ ಪ್ರಶ್ನೆಯನ್ನೂ ಹಗುರವಾಗಿ ತೆಗೆದುಕೊಳ್ಳುವವಳಲ್ಲ. ನನ್ನನ್ನು ಒಮ್ಮೆ ನೋಡಿದಳು, ಯೋಚಿಸಿದಳು. "ನಮ್ಮ ಕಡೆಗೇ ಅತ್ತೆ" ಎಂದಳು. "ಪ್ರೋಟೀನು ಮಾತ್ರ ನೋಡಿ ಹೇಳುವುದಾದರೆ."

ತಟ್ಟೆಯಲ್ಲಿದ್ದ ಬಂಗುಡೆಯ ನಡುಮುಳ್ಳನ್ನು ಬಿಡಿಸಿ ಪಕ್ಕಕ್ಕಿಟ್ಟೆ. ಗೇಣುದ್ದದ ಮೀನು, ಅದರದ್ದು ತಲೆಯಿಂದ ಬಾಲದವರೆಗೆ ಎಷ್ಟು ನೆಟ್ಟಗಿತ್ತು.